ಸೊನ್ನೆ ಬಾರದ್ದಕ್ಕೆ ವಿವರಣೆ

ಮಾನ್ಯರೇ,
ಹನ್ನೊಂದು ವರ್ಷ ಸೊನ್ನೆಯನ್ನೇ ತೋರಿಸಿದ ನನ್ನ ಎದೆಯ ಬ್ಯಾಜು
ಈ ತ್ರೈಮಾಸಿಕದಲ್ಲಿ ಸೊನ್ನೆ ದಶಮಾಂಶ ಮೂರು
ತೋರಿಸಿದ್ದು ಯಾಕೆಂದು ಕೇಳಿದ್ದೀರಿ.
ಏಳು ದಿನದೊಳಗೆ, ಮೂರು ಪ್ರತಿಗಳಲ್ಲಿ.

ತಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ,
ಫಾರ್ಮು ಹಾಗೇ ಕೇಳುತ್ತದೆ.
ಕಾರ್ಖಾನೆ ಚೆಂಡಿಯಾ ದಾಟಿದ ಮೇಲೆ, ಹೆದ್ದಾರಿಯ ಪಕ್ಕ.
ಮುಚ್ಚಿ ಎರಡು ವರ್ಷ.
ಬಾಯ್ಲರು ಗುಜರಿಗೆ ಹೋಯಿತು, ಕ್ಯಾಂಟೀನಿನ ಬೆಂಚುಗಳೂ ಹೋದವು.
ಸುಣ್ಣದ ಟಾಕಿಯ ಹೊಟ್ಟೆ ಎಷ್ಟು ತುಂಬಿದೆಯೆಂದು
ಹೊರಗಿನಿಂದಲೇ ಹೇಳುತ್ತಿದ್ದ ಸೀಸಿಯಂ ಮಾತ್ರ ಉಳಿಯಿತು.
ಮಾರುವಂತಿಲ್ಲ, ಬಿಸಾಡುವಂತಿಲ್ಲ,
ಮರೆಯುವಂತಂತೂ ಇಲ್ಲವೇ ಇಲ್ಲ.
ಸೀಸದ ಗಡಿಗೆಯೊಳಗೆ, ಎರಡು ಬೀಗದ ಕೋಣೆಯಲ್ಲಿ ಕೂತಿದೆ.
ಹುಣಸೆಬೀಜದಷ್ಟು ಅಂತಾರೆ. ನಾನು ಕಂಡಿಲ್ಲ.
ಕಾಣದ್ದನ್ನು ಹೀಗೆ ಕಾಯುವ ಕೆಲಸ
ಗುಡಿಯಲ್ಲಾದರೆ ತಟ್ಟೆಗೆ ಕಾಸಾದರೂ ಬೀಳುತ್ತಿತ್ತು.

ಒಂದು ಕೀಲಿ ನನ್ನದು. ಇನ್ನೊಂದು
ವಾಚ್‌ಮನ್ ಫೊಂಡು ಗುನಗಿಯದು.
ಇಬ್ಬರೂ ಇದ್ದರೆ ಬಾಗಿಲು, ಇಬ್ಬರದೂ ಸಹಿ ಬಿದ್ದರೆ ಸಂಜೆ.
ಅವನ ಸಹಿ ನೀರಿನಿಂದೆತ್ತಿದ ಗಾಳ,
ಕೊನೆಗೊಂದು ಕೊಕ್ಕೆ.
ಸೋಮವಾರ ಸೋಮವಾರ ಮೀಟರು ಹಿಡಿದು
ನಾಲ್ಕು ಗೋಡೆ, ಒಂದು ಬಾಗಿಲು ಅಳೆಯುತ್ತಿದ್ದೆವು.
ಚಿಕ್. ಚಿಕ್ ಚಿಕ್.
ಹಲ್ಲಿ ನುಡಿದ ಹಾಗೆ ಮಾಡ್ತದೆ, ಎಂದು
ಫೊಂಡು ಪ್ರತಿಸಲ ಬೆರಳಿಂದ ನೆಲ ತಟ್ಟುತ್ತಿದ್ದ: ಸತ್ಯ, ಸತ್ಯ.
ಗೇಟಿನ ಹೊರಗೂ ಚಿಕ್ ಅಂತದಲ್ಲ, ಎಂದ ಒಮ್ಮೆ.
ಚಿರೆಕಲ್ಲಲ್ಲೂ ಇರ್ತದೆ ಮಾರಾಯ, ಎಂದೆ, ಮರಳಲ್ಲಿ,
ಬಾಳೆಹಣ್ಣಲ್ಲಿ, ನಿನ್ನಲ್ಲಿ, ನನ್ನಲ್ಲಿ.
ಬಹಳ ಹೊತ್ತು ಬೀಡಿ ಎಳೆದು ಕೇಳಿದ:
ಮತ್ತೆ ನಮ್ಗೆ ಲೈಸನ್ಸು ಬೇಡ್ವಾ?

ಸಂಬಳ ನಿಂತ ಏಳನೇ ತಿಂಗಳು ಅವನಿಗೆ ಕೆಮ್ಮು.
ಕೆಮ್ಮಿಗೂ ಗಡಿಗೆಗೂ ಸಂಬಂಧವಿಲ್ಲವೆಂದು
ಡಾಕ್ಟರರ ಪತ್ರ ಹಿಂದೆಯೇ ಕಳಿಸಿದ್ದೇನೆ.
ದಯವಿಟ್ಟು ಈ ಸಾಲಿಗೆ ಕೆಂಪು ಗೆರೆ ಎಳೆಯಬೇಡಿ.
ಜುಲೈ ತಿಂಗಳ ಒಂದು ಸೋಮವಾರ
ಅಳತೆ ಮುಗಿಸಿ, ಬೀಗ ಎರಡೂ ಜಗ್ಗಿ ನೋಡಿ,
ಅಂಕೋಲಾ ಬಸ್ಸು ಹಿಡಿದು ಕಾರವಾರದ ಆಸ್ಪತ್ರೆಗೆ ಹೋದೆವು.
ಎಕ್ಸ್‌ರೇ ಕೋಣೆಯಲ್ಲಿ, ಎದೆ ಒತ್ತಿ ನಿಲ್ಲು, ಅಂದರು.
ಗಾಳಿ ಬಿದ್ದ ಹಾಯಿಯ ಹಾಗೆ ಮಡಚಿಕೊಂಡ.
ಯಾರಾದ್ರೂ ಹಿಡ್ಕೊಳ್ಳಿ ಅಂದರು. ಸೀಸದ ಅಂಗಿ ಹರಿದು
ಮೊಳೆಯಲ್ಲಿ ನೇತಾಡುತ್ತಿತ್ತು.
ಪಕ್ಕದಿಂದ ತಬ್ಬಿ ಹಿಡಿದೆ.
ಸುರಕ್ಷತಾಧಿಕಾರಿ ನಾನು; ಬ್ಯಾಜು ತೆಗೆದಿಡಬೇಕೆಂದು
ಊರಿಗೆಲ್ಲ ಪಾಠ ಹೇಳಿದವನು.

ಮೊದಲ ಫಿಲ್ಮು ಹಾಳು:
ಅವನ ಪಕ್ಕೆಲುಬಿಗೆ ಅಡ್ಡ ನನ್ನ ತೋಳಿನ ಎಲುಬು,
ಭುಜದ ಹತ್ತಿರ ಬ್ಯಾಜಿನ ಚೌಕ ನೆರಳು.
ಮತ್ತೊಮ್ಮೆ, ಅಂದರು. ಆಮೇಲೆ ಇನ್ನೊಮ್ಮೆ.
ಸೊನ್ನೆ ದಶಮಾಂಶ ಮೂರು ಅಂದರೆ ಇಷ್ಟೇ, ಮಾನ್ಯರೇ.

ತಮ್ಮ ಕೋಷ್ಟಕದಲ್ಲಿ ಎರಡು ಚೌಕ: ನೈಜ, ನೈಜವಲ್ಲ.
ಕೆಲಸದಲ್ಲಿ ತಗುಲಿದ್ದು ನೈಜ, ಬೇರೆಡೆ ತಗುಲಿದ್ದು ಅಲ್ಲ.
ನಿಯಮ ಗೊತ್ತು. ಎರಡನೆಯದರ ಮೇಲೆ ಪೆನ್ನು ಇಟ್ಟೆ,
ಎತ್ತಿದೆ.
ಅಲ್ಲಿರುವ ನೀಲಿ ಚುಕ್ಕೆಯನ್ನು
ತಾವೇ ಗುರುತಾಗಿ ಓದಿಕೊಳ್ಳಬಹುದು.

ಫೊಂಡು ಆಗಸ್ಟಿನಲ್ಲಿ ತೀರಿಕೊಂಡ.
ಕೀಲಿಯನ್ನು ಹೆಂಡತಿ ಮೀನು ಬುಟ್ಟಿಯಲ್ಲಿ ತಂದು,
ಕೈ ಒರೆಸಿ, ಕೊಟ್ಟು ಹೋದಳು.
ಬದಲಿ ಹೆಸರಿನ ಅರ್ಜಿಗೆ ತಮ್ಮ ಉತ್ತರ ಬಂದಿಲ್ಲ.
ಎರಡೂ ಕೀಲಿ ಈಗ ನನ್ನ ಬಳಿಯೇ ಇವೆ. ಇದು ನಿಯಮಬಾಹಿರ;
ಇದನ್ನೂ ಈ ಮೂಲಕ ವರದಿ ಮಾಡಿದ್ದೇನೆ.
ರಿಜಿಸ್ಟರಿನಲ್ಲಿ ಅವನ ಕಾಲಂ ಖಾಲಿ.
ಆ ಕೊಕ್ಕೆ ಎಳೆಯಲು ನನಗೆ ಬರುತ್ತದೆ,
ಎಳೆದಿಲ್ಲ.

ಸೀಸಿಯಂ ಅರ್ಧವಾಗಲು ಮೂವತ್ತು ವರ್ಷ ಬೇಕು.
ಸೋಮವಾರ ಒಬ್ಬನೇ ಬಾಗಿಲ ಹೊರಗೆ ಕೂತು ಅಳೆಯುತ್ತೇನೆ.
ಚಿಕ್ ಅಂದಾಗ ಬೆರಳು ತಾನಾಗಿ ನೆಲ ತಟ್ಟುತ್ತದೆ.
ಅದಕ್ಕೆ ಕಾಲಂ ಇಲ್ಲದ್ದರಿಂದ 'ಇತರೆ' ಅಡಿಯಲ್ಲಿ ನಮೂದಿಸಿದೆ.

ತಮ್ಮ ವಿಶ್ವಾಸಿ,
ಉಲ್ಹಾಸ ತಳೇಕರ

ಲಗತ್ತು: ಫಿಲ್ಮು ಒಂದು, ಹಾಳಾದದ್ದು.
ಪರಿಶೀಲಿಸಿದ ಮೇಲೆ
ಹಿಂದಿರುಗಿಸಬೇಕಾಗಿ ವಿನಂತಿ.