ದಂತ್ಯ

ಕೊನೆಯದು ಹೋದದ್ದು ಕಳೆದ ಶ್ರಾವಣದಲ್ಲಿ,
ಲಾಲ್‌ಬಾಗ್ ಚಿವಡಾದ ಒಂದು ಹುರಿಗಡಲೆಗೆ.
ಹಲ್ಲು, ಕಡಲೆಯ ಗಾದೆಯನ್ನು
ಅದೇ ದಿನ ಮೂವರು ಹೇಳಿದರು.
ಮೂವರಿಗೂ ನಕ್ಕೆ, ಬಾಯಿಗೆ ಸೆರಗು ಅಡ್ಡ ಹಿಡಿದು.

ಚಿಂಚ್‌ಪೋಕಳಿ ಸೇತುವೆಯ ಬುಡದಲ್ಲಿ
ಒಂದೇ ಕುರ್ಚಿಯ ದವಾಖಾನೆ. ಡಾಕ್ಟರು ಪ್ರಾಜಕ್ತಾ ಗುರವ,
ನನ್ನ ಕೊನೆಯ ಬ್ಯಾಚಿನವರಿಗಿಂತ ಚಿಕ್ಕವಳು.
ಗುಲಾಬಿ ಹಿಟ್ಟು ಕಲಸಿ, ತಟ್ಟೆಗೆ ಮೆತ್ತಿ, ಒಳಗೆ ಒತ್ತಿ
"ಮೂಗಿನಿಂದ ಉಸಿರಾಡಿ, ಆಜಿ" ಅಂದಳು.
ಮೂವತ್ತನಾಲ್ಕು ವರ್ಷ ಊರ ಮಕ್ಕಳ ಬಾಯಿ ತೆರೆಸಿದವಳು
ಹೇಳಿದಷ್ಟು ತೆರೆದೆ.
ಆಮೇಲೆ ಬಣ್ಣದ ಪಟ್ಟಿ ತಂದಳು, ಹದಿನಾರು ಬಗೆಯ ಬಿಳಿ.
ತೀರಾ ಬೆಳ್ಳಗೆ ಬೇಡಮ್ಮ,
ಚಹಾ ಕುಡಿದಂಥದ್ದು ಕೊಡು.
ಹದಿಮೂರು ಸಾವಿರ. ಮೂರು ಕಂತು.

ಹಾಕಿಕೊಂಡ ದಿನ ಬಾಯಿ ನನ್ನದಾಗಿರಲಿಲ್ಲ.
ನಾಲಿಗೆ, ಯಾರದೋ ಮನೆಯ ಕತ್ತಲಲ್ಲಿ
ಚಪ್ಪಲಿ ಹುಡುಕುವ ನೆಂಟ.
"ಗಟ್ಟಿಯಾಗಿ ಪೇಪರ್ ಓದಿ, ರೂಢಿಯಾಗುತ್ತೆ" ಅಂದಳು.
ಪೇಪರ್ ಯಾಕೆ? ಬಾಯಿಪಾಠ ಇದೆಯಲ್ಲ.

ಕ ಖ ಗ ಘ ಗಂಟಲಿನವು, ಅವಕ್ಕೆ ಹಲ್ಲಿನ ಹಂಗಿಲ್ಲ.
ಟ ಠ ಮೇಲೆ ಹೋಗಿ ಪ್ಲಾಸ್ಟಿಕ್ಕಿಗೆ ಬಡಿದು ಬಂದವು.
ಪ ಬ ಮ ತುಟಿಯವು,
ಅದಕ್ಕೇ ಅಪ್ಪ, ಅಮ್ಮ, ಬೇಕು ಎನ್ನಲು
ಕೂಸು ಹಲ್ಲಿಗಾಗಿ ಕಾಯುವುದಿಲ್ಲ.
ಆಮೇಲೆ ಆ ಸಾಲು.
ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಬೇಕು
ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ ಸಾಲು.
ತ ಥ ದ ಧ ನ.

ಪಕ್ಕದ ಖೋಲಿಯ ಶೆವಂತಾಬಾಯಿ ಗೋಡೆ ತಟ್ಟಿ
ಅದ್ಯಾವ ಜಪ ಅಂತ ಕೇಳಿದಳು.

ಎಪ್ಪತ್ತಾರನೇ ಇಸವಿ. ಸಾತ್ ರಸ್ತಾ.
ಮುನ್ಸಿಪಾಲಿಟಿ ಶಾಲೆಯ ಎರಡನೇ ಮಾಳಿಗೆ, ರಾತ್ರಿ ತರಗತಿ.
ಹೋಟೆಲಿನ ಹುಡುಗರು ಉಗುರಲ್ಲಿ ಉದ್ದಿನ ಹಿಟ್ಟು ಒಣಗಿಸಿಕೊಂಡು
ಬೆಂಚಿನಲ್ಲಿ ತೂಕಡಿಸುವರು.
ನನಗೆ ಇಪ್ಪತ್ತೆರಡು, ಕೈಯಲ್ಲಿ ಹೊಸ ಸ್ಕೇಲು.
ಹೆಸರು?
ಹ್ಯಾಂಪ.
ಸರಿಯಾಗಿ ಹೇಳು.
ಹ್ಯಾಂಪ, ಟೀಚರ್.
ಹಾಜರಿಯಲ್ಲಿ ತ್ಯಾಂಪ ಎಂದಿತ್ತು.
ಮೇಲಿನ ನಾಲ್ಕು ಇರಲಿಲ್ಲ ಹುಡುಗನಿಗೆ.
ಇಡೀ ಕ್ಲಾಸು ನಕ್ಕಿತು.
ಕ್ಲಾಸು ಎಂದೆನಲ್ಲ, ಅದರಲ್ಲಿ ಟೀಚರೂ ಸೇರಿ.
ಹೊರಗೆ ನಿಂತು ನೂರು ಸಲ ಹೇಳಿ ಬಾ ಅಂದೆ.

ಅವನು ಹೇಳಿದ.
ಒಳಗೆ ನಾನು ಒತ್ತಕ್ಷರ ಬರೆಸುತ್ತಿದ್ದೆ,
ವರಾಂಡದಿಂದ ಹ, ಹ, ಹ ಎಂದು ಕೇಳುತ್ತಿತ್ತು,
ಯಾರೋ ಒಬ್ಬನೇ ನಗುವ ಹಾಗೆ.

ಹಿತ್ತಾಳೆಯ ಸೌಟು ಎಂದು ಆಮೇಲೆ ಯಾರೋ ಅಂದರು.
ಬೀಸಿದವರು ಯಾರೆಂದು ನಾನು ಕೇಳಲಿಲ್ಲ.
ಇನ್ನೂ ಹನ್ನೊಂದು ದಿನ ಬಂದ.
ಅಲ್ಲಿಂದ ಮುಂದಕ್ಕೆ ಅವನ ಸಾಲಿಗೆ ಕೆಂಪು ಶಾಯಿ.
ಊರಿಗೆ ಹೋದನೋ, ಇನ್ನೊಂದು ಹೋಟೆಲಿಗೋ,
ಬದುಕಿದ್ದರೆ ಅವನಿಗೂ ಈಗ ಅರವತ್ತು ದಾಟಿರಬೇಕು,
ನಾಲ್ಕಕ್ಕೆ ನಾಲ್ಕೂ ಕಟ್ಟಿಸಿಕೊಂಡಿರಬಹುದು,
ಇಲ್ಲದಿರಬಹುದು.

ಮೂರನೇ ವಾರಕ್ಕೆ 'ಥ' ಬಂತು, ಒಂದಿಷ್ಟು ಎಂಜಲಿನ ಜೊತೆ.
'ಧ' ಇನ್ನೂ ಉಬ್ಬಸ ಪಡುತ್ತದೆ.
ತೊಂಡೆಕಾಯಿ, ದೋಸೆ, ನಂದಿನಿ, ಥಾಣೆ:
ಒಂದೊಂದೇ ಶಬ್ದ ಹಿಡಿದು ನಡೆಯುತ್ತಿದ್ದೇನೆ.
ತಪ್ಪಾಯಿತು ಎಂಬುದಕ್ಕೂ ಮೊದಲು ಹಲ್ಲು ಬೇಕು,
ವ್ಯಾಕರಣ ಕಲಿಸಿದವಳಿಗೆ ಇದು ಹೊಳೆದಿರಲಿಲ್ಲ.

ಹಗಲಲ್ಲಿ ಎಷ್ಟೋ ಸಲ ಹೇಳಿದ್ದೇನೆ, ತ್ಯಾಂಪ.
ಕೆಳಗಿನದು ಟಕ್ಕೆಂದು ಎದ್ದು ಕೂರುತ್ತದೆ, ಅಷ್ಟೆ.
ಅದು ಪಾಠದ ಹೆಸರು.

ನಿನ್ನೆ ರಾತ್ರಿ ಎರಡೂ ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿ
ದೀಪ ಆರಿಸಿದೆ.
ಕೊನೆಯ ಲೋಕಲ್ ಹೋದ ಮೇಲೆ
ಬರಿ ವಸಡಿನಿಂದ ಒಮ್ಮೆ ಕರೆದೆ.
ಹ್ಯಾಂಪ.

ಹುಡುಗ ಸರಿಯಾಗಿಯೇ ಹೇಳಿದ್ದ.