ಕಳೆದದ್ದನ್ನು ಹುಡುಕಿಕೊಡುವವನು

ಅಪ್ಪನ ಹಳೇ ಅಚ್ಚು. ಸಂತ ಅಂತೋನಿಯ ಮೂಗಿನ ತುದಿಯಲ್ಲಿ
ಈಗಲೂ ಅದೇ ಗುಳ್ಳೆ.
ತೋಳಲ್ಲಿ ಬಾಲಯೇಸು ಇದ್ದ ಜಾಗಕ್ಕೆ
ಸೆಂಟ್ರಲ್ ಮಾರ್ಕೆಟಿನ ನೂರಿಪ್ಪತ್ತು ರೂಪಾಯಿಯ ರೋಬೋಟ್,
ಎಂ-ಸೀಲ್ ಮೆತ್ತಿ ಕೂರಿಸಿದೆ.
ಬಲ್ಲಾಳ್‌ಬಾಗಿನ ಗ್ಯಾಲರಿಗೆ ಬಂದವರು
ತಲೆ ಓರೆಮಾಡಿ ನೋಡಿದರು.
ಅಮ್ಮ ನೋಡಲಿಲ್ಲ. ಬಾಗಿಲಲ್ಲೇ
ಶಿಲುಬೆಯ ಗುರುತು ಮಾಡಿ ಬಸ್ ಹತ್ತಿದಳು.

ಮೂರನೇ ದಿನ, ಬಿಸಿಲಿಗೆ ಸೋತು,
ಖಾಲಿ ಬುಟ್ಟಿಯ ವಾರಿಜಕ್ಕ ಒಳಬಂದರು.
ಬರಿದಾದ ಎಡಗಿವಿ ಮುಟ್ಟಿ ತೋರಿಸಿ
ಸಂತನಿಗಷ್ಟೇ ಕೇಳುವಂತೆ
ಏನೋ ಹೇಳಿಕೊಂಡರು.
ಆಮೇಲೆ ನನ್ನತ್ತ ತಿರುಗಿ:
"ಮಗುವಿನ ಕಣ್ಣು ಯಾಕೆ ಮಂಕು?
ಬ್ಯಾಟರಿ ಹೋಗಿದೆಯಾ ಮಾರಾಯಾ?"

ಮರುದಿನ ಪೀಠದ ಮೇಲೆ
ಎರಡು ಪೆನ್ಸಿಲ್ ಸೆಲ್ಲು.
ಒಂದಕ್ಕೆ ಮೀನಿನ ಹುರುಪೆ ಅಂಟಿತ್ತು.

ರೋಬೋಟಿನ ಬೆನ್ನಿನ ಮುಚ್ಚಳ
ನಾನೇ ಎಂ-ಸೀಲಿನಲ್ಲಿ
ಮುಚ್ಚಿಬಿಟ್ಟಿದ್ದೆ.