ಮೂರಕ್ಕೂ ನಾಲ್ಕಕ್ಕೂ ನಡುವೆ

ಅಂಜಿನಪ್ಪನ ಲಿಫ್ಟು ಹತ್ತಿದರೆ
ಬಾಗಿಲು ಮುಚ್ಚುವ ಮೊದಲೇ ಪ್ರಶ್ನೆ.
"ಇವತ್ತು ಆಗಸ್ಟ್ ಐದು. ಈ ದಿನ
ಸಿಟಿ ಮಾರ್ಕೆಟ್ಟಿನ ಬೀದೀಲಿ ಮೊದಲು ಕರೆಂಟು ದೀಪ ಹತ್ತಿತು.
ಯಾವ ಇಸವಿ?"
ನಮಗೆ ಸಿಗುವ ಸಮಯ ನಾಲ್ಕು ಮಹಡಿ,
ಆರನೆಯವರಿಗೆ ಆರು,
ಒಂದನೇ ಮಹಡಿಯವರು ಮೆಟ್ಟಿಲು ಹತ್ತಲಿ ಎಂಬುದು ಅವನ ಕಾನೂನು.
ಉತ್ತರ ಊಟಕ್ಕೆ ಇಳಿಯುವಾಗ.
ಅಲ್ಲಿಯವರೆಗೆ ಟಪಾಲು ವಿಭಾಗದಲ್ಲಿ
ಒಂಬೈನೂರೋ ಎಂಟುನೂರೋ ಎಂದು ಗುಸುಗುಸು.

ಖಾಕಿ ಜೇಬಿನಲ್ಲಿ ಯಾವುದೋ ಬ್ಯಾಂಕಿನ ಹಳೇ ಡೈರಿ,
ಹಾಳೆಗೊಂದು ತಾರೀಖು, ತಾರೀಖಿಗೊಂದು ಯುದ್ಧ,
ಹಡಗು ಮುಳುಗಿದ್ದು, ದೊರೆ ಸತ್ತದ್ದು,
ಚಂದ್ರನ ಮೇಲೆ ಕಾಲಿಟ್ಟದ್ದು.
ನಿನಗ್ಯಾಕಪ್ಪ ಇದೆಲ್ಲ ಎಂದರೆ,
"ಮೇಲೆ ಕೆಳಗೆ, ಮೇಲೆ ಕೆಳಗೆ, ಮೇಡಂ.
ಎಲ್ಲಾ ದಿನಾನೂ ಒಂದೇ ದಿನ ಆಗಿಬಿಡ್ತದೆ.
ಒಂದು ಗುರುತು ಬೇಡ್ವಾ?"

ನಾನು ಒಂದು ಸಲವೂ ಸರಿ ಹೇಳಿದವಳಲ್ಲ.
ಹಾಗೆ ನೋಡಿದರೆ ನನ್ನದೂ ತಾರೀಖಿನದೇ ಕೆಲಸ:
ಬೆಳಿಗ್ಗೆ ಮೊಹರಿನ ರಬ್ಬರು ಚಕ್ರವನ್ನು
ಒಂದು ಹಲ್ಲು ಮುಂದಕ್ಕೆ ತಿರುಗಿಸುವುದು,
ಸಂಜೆಯವರೆಗೆ ಕುಟ್ಟುವುದು.

ಒಂದು ಮಂಗಳವಾರ ಪ್ರಶ್ನೆಯೇ ಬೇರೆ.
"ಹನ್ನೊಂದು ವರ್ಷದ ಕೆಳಗೆ ಇದೇ ದಿನ
ಇದು ಮೂರಕ್ಕೂ ನಾಲ್ಕಕ್ಕೂ ಮಧ್ಯೆ ನಿಂತೋಗಿತ್ತು.
ಒಳಗೆ ಎಷ್ಟು ಜನ?"

ಇದೊಂದು ನನಗೆ ಗೊತ್ತು.
ಐವತ್ತು ನಿಮಿಷ. ಯಾರದೋ ಡಬ್ಬಿಯಿಂದ ಹುಳಿಯ ವಾಸನೆ.
ಅಧೀನ ಕಾರ್ಯದರ್ಶಿಗಳು ಬೆವರುತ್ತ ಗಂಟೆ ಒತ್ತುತ್ತಲೇ ಇದ್ದರು.
ಮೂಲೆಯಲ್ಲಿ ಆನೇಕಲ್ಲು ಕಡೆಯ ಪಿಳ್ಳಮ್ಮ,
ಎದೆಗವಚಿದ ಅರ್ಜಿಯ ಮೇಲೆ ಕೆಂಪು ಶಾಯಿ:
ಮರಣದ ದಿನಾಂಕ ನಮೂದಿಸಿಲ್ಲ, ಹಿಂದಿರುಗಿಸಿದೆ.
ಮೂರನೇ ಸಲ. ಅಕ್ಷರ ನನ್ನದು.

ಕತ್ತಲಲ್ಲಿ ಅವಳು ಯಾರಿಗೂ ಅಲ್ಲದ ಹಾಗೆ ಹೇಳಿದಳು:
"ಮಾರ್ನಾಮಿ ಅಮಾಸೆ ಕಳೆದು ಮೂರನೇ ದಿನ,
ಕೋಳಿ ಕೂಗೋ ಹೊತ್ತು.
ಹೊಲದಾಗೆ ರಾಗಿ ತೆನೆ ಬಲೀತಿತ್ತು.
ಇನ್ನೇನು ಬೇಕಂತೆ ಅವರಿಗೆ?"

ಯಾವ ವರ್ಷ ತಾಯಿ, ಎಂದ ಅಂಜಿನಪ್ಪ.
ಮಗಳು ಮೈನೆರೆದ ಮರುವರ್ಷ.
ಆ ಮಗಳ ಮಗ ಈಗ ಒಂದನೇ ಕ್ಲಾಸು.
ಮೊಬೈಲಿನ ಚೂರು ಬೆಳಕಿನಲ್ಲಿ
ಎಲ್ಲರೂ ಬೆರಳು ಮಡಚಿ ಲೆಕ್ಕ ಹಾಕಿದೆವು.
ಗಂಟೆ ಒತ್ತುವುದನ್ನು ನಿಲ್ಲಿಸಿ ಸಾಹೇಬರೆಂದರು,
"ಆ ವರ್ಷದ ಮಹಾಲಯ ನನಗೆ ನೆನಪಿದೆ.
ತರಬೇತಿಗೆ ಹಾಕಿದ್ದರು, ರಜೆ ಕೊಡಲಿಲ್ಲ,
ಅಪ್ಪನಿಗೆ ಎಳ್ಳುನೀರು ಬಿಡಲಾಗಲಿಲ್ಲ.
ಸೆಪ್ಟೆಂಬರ್ ಇಪ್ಪತ್ತೇಳು."

ಅಂಜಿನಪ್ಪನ ಬೆನ್ನಿಗೆ ಕಾಗದ ಆನಿಸಿ
ಕೆಂಪಿನ ಕೆಳಗೆ ನೀಲಿಯಲ್ಲಿ ಬರೆದೆ:
ಸೆಪ್ಟೆಂಬರ್ ಮೂವತ್ತು.
ಪೆನ್ನು ಓಡಿದಂತೆ ಅವನ ಬೆನ್ನು ಕಚಗುಳಿಗೆ ಸಣ್ಣಗೆ ಅಲುಗಿತು,
ಮೂರು ಎಂಬ ಅಂಕಿ ಸೊಟ್ಟಗಾಯಿತು.

ಪಿಂಚಣಿ ಬಂತೇ? ತಿಳಿಯದು.
ಫೈಲು ಐದನೇ ಮಹಡಿಗೆ ಹೋಯಿತು,
ಅಲ್ಲಿಂದಾಚೆಯದು ನನ್ನ ರಿಜಿಸ್ಟರಿನಲ್ಲಿಲ್ಲ.

ಊಟಕ್ಕೆ ಇಳಿಯುವಾಗ ಎದೆ ಸೆಟೆಸಿ ಹೇಳಿದೆ, "ಏಳು ಜನ."
"ತಪ್ಪು ಮೇಡಂ," ಎಂದ ಅಂಜಿನಪ್ಪ,
"ಎಂಟು. ನಾನೂ ಇದ್ನಲ್ಲ."

ಈಗ ಹೊಸ ಲಿಫ್ಟು, ಕನ್ನಡಿಯಂಥ ಗೋಡೆ,
ಅವನ ಸ್ಟೂಲಿನ ಜಾಗದಲ್ಲಿ ಗುಂಡಿಗಳ ಸಾಲು.
ಯಾವಳೋ ಕಾಣದ ಹುಡುಗಿ
ಪ್ರತಿ ಮಹಡಿಯನ್ನೂ ಹೆಸರು ಹಿಡಿದು ಕರೆಯುತ್ತಾಳೆ,
ಏನನ್ನೂ ಕೇಳುವುದಿಲ್ಲ.
ನಿನ್ನೆ ತಡೆಯಲಾರದೆ, ಪಕ್ಕದಲ್ಲಿ ನಿಂತ
ಹೊರಗುತ್ತಿಗೆಯ ಹುಡುಗನನ್ನು ಕೇಳಿಬಿಟ್ಟೆ:
"ಇವತ್ತು ಏನಾಯ್ತು, ಗೊತ್ತಾ?"
ಅವನು ಗಾಬರಿಯಿಂದ ಕಿವಿಯ ವೈರು ಕಿತ್ತು ನನ್ನ ಮುಖ ನೋಡಿದ.
"ಯಾಕೆ ಮೇಡಂ,
ಏನಾದ್ರೂ ಆಯ್ತಾ?"